ಲಗ್ನಪತ್ರಿಕೆ ಕತ್ತರಿಸಿ ಮಾಡಿಗೆ ಪ್ಲೈವುಡ್ ಹೊದಿಸಿದ್ದು

ಮೇಸ್ತ್ರಿಯ ಲೆಕ್ಕ ಎಂಟಕ್ಕೆ ನಾಲ್ಕಡಿಯ 45 ಪ್ಲೈವುಡ್ ಶೀಟು. ನಾನು ತರಿಸಿದ್ದು 37. ಮೂಡಿಗೆರೆ ಕಡೆಯ ಒಂದು ಹೋಂಸ್ಟೇ ಅದು. ನಾಲ್ಕು ಇಳಿಜಾರಿನ ಮಾಡು (ಛಾವಣಿ), ಸೂರಿನ ಅಳತೆ 40ಕ್ಕೆ 24 ಅಡಿ, ಇಳಿಜಾರು 30 ಡಿಗ್ರಿ, ಎರಡಡಿಗೊಂದು ಕಬ್ಬಿಣದ ಪೈಪಿನ ಪಕಾಸು, ಅಂದರೆ ಮಾಡನ್ನು ಹೊರುವ ಓರೆ ತೊಲೆ. ಮೇಲೆ ಹೆಂಚಿನ ಬದಲು ಹೊದಿಸುವ ತೆಳು ಹಾಳೆ, ಶಿಂಗಲ್ಸ್ ಬರಬೇಕಿತ್ತು. ಎರಡು ಮಳೆಗಾಲ ಕಳೆದಿವೆ, ಶೀಟು ಶೀಟು ಸೇರುವ ಒಂದು ಜೋಡೂ ಎದ್ದಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇದಕ್ಕೂ ಮುಂಚೆ ಹೊದಿಸಿದ ಮೊದಲ ಮಾಡಿನಲ್ಲಿ ನಾನು ಕೈಸುಟ್ಟುಕೊಂಡವನು. ಅಲ್ಲಿ ಶೀಟುಗಳನ್ನು ಒಂದಕ್ಕೊಂದು ಒತ್ತಿ ಕೂರಿಸಿದ್ದೆ, ನೋಡಲು ಕನ್ನಡಿಯಂತಿತ್ತು. ಆಷಾಢ ಮುಗಿಯುವುದರೊಳಗೆ ಜೋಡುಗಳೆಲ್ಲ ಹಪ್ಪಳದಂತೆ ಉಬ್ಬಿ, ಶಿಂಗಲ್ಸ್ ಮೇಲೆ ಗೆರೆಗೆರೆಯಾಗಿ ಕಾಣಿಸಿದವು. ಸಾಲದ್ದಕ್ಕೆ ಸೂರಿನ ಸಾಲಿಗೆ ಅಗ್ಗದ ಕಮರ್ಷಿಯಲ್ ಪ್ಲೈ ಹಾಕಿದ್ದೆ, ಅದು ಪದರ ಪದರವಾಗಿ ಬಿಚ್ಚಿಕೊಂಡಿತು. ಕೈಯಿಂದ ಹತ್ತಿರ ಹತ್ತಿರ 35 ಸಾವಿರ ಹೋಯಿತು. ಎರಡನೆಯ ಮಾಡಿನಲ್ಲಿ ನೀರು ತಡೆಯುವ ಮರೈನ್ ಪ್ಲೈ ಹಾಕಿ 3 ಮಿಲಿಮೀಟರ್ ಸಂದು ಬಿಟ್ಟೆ. ಆಗ ಬೇರೆಯದೇ ಫಜೀತಿ. ಸಂದು ಕೂಡುತ್ತಾ ಹೋಗಿ ಐದನೆಯ ಶೀಟಿಗೆ ಬರುವಷ್ಟರಲ್ಲಿ ಜೋಡು ಒಂದು ಸೆಂಟಿಮೀಟರಿನಷ್ಟು ಸರಿದು, ಸ್ಕ್ರೂ ಪೈಪಿನ ಅಂಚಿನಲ್ಲಿ ನಿಂತಿತ್ತು.

ಈ ಸಲ ಮನೆಯಲ್ಲಿ ಬಿದ್ದಿದ್ದ ಹಳೆಯ ಲಗ್ನಪತ್ರಿಕೆಗಳನ್ನೆಲ್ಲ ಒಟ್ಟು ಮಾಡಿದೆ. ಅಡಿಗೆ ಕಾಲು ಇಂಚಿನ ಲೆಕ್ಕದಲ್ಲಿ ಒಂದು ಶೀಟೆಂದರೆ ಎರಡು ಇಂಚು ಉದ್ದ, ಒಂದು ಇಂಚು ಅಗಲದ ಚೀಟಿ. ನಾಲ್ಕೂ ಇಳಿಜಾರನ್ನು ರಟ್ಟಿನ ಮೇಲೆ ಬರೆದು ಜಗಲಿಯಲ್ಲಿ ಕೂತು ಜೋಡಿಸಿದೆ. ಮೇಸ್ತ್ರಿ ಬಂದು, "ಮದುವೆ ಮಾಡಿಸುತ್ತೀರೋ, ಮಾಡು ಹೊದಿಸುತ್ತೀರೋ ಸ್ವಾಮಿ?" ಎಂದು ನಕ್ಕ.

ಗುಟ್ಟಿರುವುದು ಮೂಲೆಯ ಓರೆಯಲ್ಲಿ. 30 ಡಿಗ್ರಿಯಲ್ಲಿ ಪ್ರತಿ ಸಾಲು ನಾಲ್ಕಡಿ ಮೇಲೇರಿದಂತೆ ತುದಿ ಸುಮಾರು ಮೂರೂವರೆ ಅಡಿ ಒಳಸರಿಯುತ್ತದೆ. ಓರೆಯಾಗಿ ಕತ್ತರಿಸಿದಾಗ ಉಳಿಯುವ ತ್ರಿಕೋನವನ್ನು ಎಲ್ಲರೂ ಒಲೆಗೆ ಹಾಕುತ್ತಾರೆ. ಅದನ್ನು ತಲೆಕೆಳಗಾಗಿ ತಿರುಗಿಸಿದರೆ ಮೇಲಿನ ಸಾಲಿನ ಅದೇ ಕಡೆಯ ತುದಿಗೆ ಕೂರುತ್ತದೆ, ಮಗುಚಿದರೆ ಎದುರು ತುದಿಗೆ. ಹೇಗೆ ಮಾಡಿದರೂ ಪ್ಲೈಯ ಮರದ ಎಳೆಯ ದಿಕ್ಕು ಬದಲಾಗುವುದಿಲ್ಲ. ನೇರ ಅಂಚಿಗೆ ಪಕಾಸು ಸಿಗದ ಏಳೆಂಟು ಕಡೆ ತುಂಡು ಪೈಪ್ ಬೆಸುಗೆ ಹಾಕಿಸಿದೆ, ಎರಡು ಸಾವಿರ ಆಗಿರಬಹುದು. ನೆತ್ತಿಯ ಸಾಲಿಗೆ ಬೇಕಾದದ್ದು ಎರಡಡಿಗಿಂತ ಕಡಿಮೆ. ಶೀಟನ್ನು ಉದ್ದಕ್ಕೆ ಸೀಳಿದರೆ ಎರಡು ಕಡೆಗೂ ಆಯಿತು.

ಹೊದಿಸಲು ಶುರು ಮಾಡಿದ್ದು ಮೂಲೆಯಿಂದಲ್ಲ, ಇಳಿಜಾರಿನ ನಡುಗೆರೆಯಿಂದ. ಮೊದಲ ಸಾಲಿನ ಜೋಡು ಆ ಗೆರೆಯ ಮೇಲೆ, ಎರಡನೆಯ ಸಾಲಿನಲ್ಲಿ ಶೀಟಿನ ಹೊಟ್ಟೆ ಅದೇ ಗೆರೆಯ ಮೇಲೆ. ಸಾಲು ಸಾಲಿನ ಜೋಡುಗಳು ಒಂದೇ ಗೆರೆಗೆ ಬಾರದೆ ತಾವಾಗಿಯೇ ತಪ್ಪಿಕೊಂಡವು. ಸಂದಿನ ಸರಿತವೂ ಎರಡು ಕಡೆಗೆ ಹಂಚಿಹೋಗಿ ಅರ್ಧಕ್ಕಿಳಿಯಿತು.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಹಳೆಯ ಮನೆಗಳ ಪಕಾಸಿಗೆ ಬಳಿಯುವ ಗೇರೆಣ್ಣೆಯನ್ನು (ಗೇರುಬೀಜದ ಸಿಪ್ಪೆಯ ಎಣ್ಣೆ) ಪ್ಲೈ ಅಂಚಿಗೂ ಬಳಿದು ನೋಡೋಣವೆಂದು ಎರಡು ಶೀಟಿಗೆ ಹಚ್ಚಿಸಿದೆ. ವಾರವಾದರೂ ಒಣಗಲಿಲ್ಲ. ಮೇಲೆ ಹಾಸಿದ ಟಾರ್ ಹಾಳೆ ಅಂಟಿಕೊಂಡಿತು, ಹಚ್ಚಿದ ಹುಡುಗನ ಕೈಯಲ್ಲಿ ಗುಳ್ಳೆ ಎದ್ದವು. ಅವನ ಮೂರು ದಿನದ ಕೂಲಿ ಕೊಟ್ಟು ಕೈಮುಗಿದೆ. ಈಗ ಅಂಚಿಗೆ ಬೇರೊಂದು ಮಿಶ್ರಣ ಹಚ್ಚುತ್ತೇನೆ. ಅದರಲ್ಲಿ ಏನೇನಿದೆ ಎಂಬುದನ್ನು ಬಣ್ಣದಂಗಡಿಯವರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಶೀಟಿಗೆ 2,700ರಂತೆ ಹಿಡಿದರೂ ಎಂಟು ಶೀಟಿಗೆ 21,600 ಉಳಿಯಿತು. ಮೇಸ್ತ್ರಿ ಈಗ ತನ್ನ ಮಗಳ ಮದುವೆಯಲ್ಲಿ ಉಳಿದ ಪತ್ರಿಕೆಗಳನ್ನು ಜೋಪಾನವಾಗಿ ಇಟ್ಟಿದ್ದಾನಂತೆ. ಉಳಿದ ತುಂಡುಗಳಲ್ಲಿ ನಾಯಿಗೂಡು ಮಾಡಿಕೊಡಿ ಎಂದು ಯಜಮಾನರು ಕೇಳಿದರು. ಗೋಡೆಗಷ್ಟೇ ಸಾಕಾಯಿತು, ಮಾಡಿಗೆ ತಗಡು ಹಾಕಿದೆವು.