ಲೂಸ್, ಲೂಝ್ ಗೊಂದಲಕ್ಕೆ ಗಂಟಲು ಮುಟ್ಟಿ ನೋಡಿ

ಕೆಲಸಕ್ಕೆ ಅರ್ಜಿ, ಮೇಲ್ ಬರೆಯುತ್ತಿರುವ ಗೆಳೆಯರಿಗೆ ಒಂದು ಸಲಹೆ. ಮೊಬೈಲ್‌ನ ಸ್ಪೆಲ್‌ಚೆಕ್ ಒಂದನ್ನೇ ನಂಬಬೇಡಿ. ಇಂಗ್ಲಿಷ್‌ನಲ್ಲಿ ಲೂಸ್ (loose), ಲೂಝ್ (lose) ಎರಡೂ ಸರಿಯಾದ ಪದಗಳೇ. ಒಂದರ ಜಾಗದಲ್ಲಿ ಇನ್ನೊಂದು ಬಿದ್ದರೆ ಎಷ್ಟೋ ಸಲ ಕೆಂಪು ಗೆರೆ ಬರುವುದೇ ಇಲ್ಲ.

ನಮಗೆ ಇದು ಜಾಸ್ತಿ ಕಷ್ಟ. ಅಚ್ಚ ಕನ್ನಡದಲ್ಲಿ ಝಡ್ ಅಕ್ಷರದ ದನಿ ಇಲ್ಲ, ಹಾಗಾಗಿ ಎರಡನ್ನೂ ‘ಸ’ ಎಂದೇ ಹೇಳಿಬಿಡುತ್ತೇವೆ. ಗಂಟಲ ಮೇಲೆ ಬೆರಳಿಟ್ಟು ಹೇಳಿ ನೋಡಿ. ಸಡಿಲ ಎನ್ನುವ ಲೂಸ್‌ನ ಕೊನೆಗೆ ಗಂಟಲು ಸುಮ್ಮನಿರುತ್ತದೆ. ಅದಕ್ಕೆ ಎರಡು ಓ. ಕಳೆದುಕೊಳ್ಳುವ ಲೂಝ್‌ನ ಕೊನೆಗೆ ಗಂಟಲು ನಡುಗುತ್ತದೆ. ಅದಕ್ಕೆ ಒಂದೇ ಓ. ಸಲಹೆ ಅಂದರೆ ಅಡ್ವೈಸ್, ಸಿ ಬರುತ್ತದೆ. ಸಲಹೆ ಕೊಡುವುದು ಅಡ್ವೈಝ್, ಅಲ್ಲಿ ಎಸ್. ಬೆಲೆ ಪ್ರೈಸ್, ಬಹುಮಾನ ಪ್ರೈಝ್. ಕಿವಿಗೆ ಬಿದ್ದರೆ ಬೇಗ ನೆನಪಿರುತ್ತೆ ಅಲ್ವಾ?

ಸ್ಟೇಷನರಿ ಮಾತ್ರ ಬೇರೆ. ಅಲ್ಲಿ ದನಿ ಒಂದೇ, ಅಕ್ಷರವನ್ನೇ ಹಿಡಿಯಬೇಕು. ಅವೆನ್ಯೂ ರಸ್ತೆಯಲ್ಲಿ ಕೊಳ್ಳುವ ಕಾಗದ, ಎನ್ವಲಪ್‌ಗೆ ಕೊನೆಯಲ್ಲಿ ಇ-ಆರ್-ವೈ. ಸಿಲ್ಕ್ ಬೋರ್ಡ್‌ನಲ್ಲಿ ಕದಲದೆ ನಿಂತ ಬಸ್ಸಿಗೆ ಎ-ಆರ್-ವೈ. ಪ್ರಿನ್ಸಿಪಲ್ ಕೂಡ ಹೀಗೇ: ಸಾಲದ ಅಸಲಿಗೂ ಕಾಲೇಜಿನ ಮುಖ್ಯಸ್ಥರಿಗೂ ಪಿ-ಎ-ಎಲ್, ತತ್ವಕ್ಕೆ ಪಿ-ಎಲ್-ಇ.