ಐಇಎಲ್‌ಟಿಎಸ್‌ಗೊಂದು ಉಚಿತ ಜಾಲತಾಣ: ಕಷ್ಟವೆಲ್ಲ ಕೀ ಆನ್ಸರ್‌ನಲ್ಲಿದೆ

ಓದಲು, ದುಡಿಯಲು ವಿದೇಶಕ್ಕೆ ಹೊರಟವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್. ಅದಕ್ಕೆ ಅಭ್ಯಾಸದ ಪುಟ ಕಟ್ಟುವುದು ಒಂದು ವಾರಾಂತ್ಯದ ಕೆಲಸ. ಬರೀ ಸ್ಟ್ಯಾಟಿಕ್ ಪುಟಗಳಾದರೆ, ಅಂದರೆ ಎಲ್ಲರಿಗೂ ಇದ್ದಂತೆಯೇ ತೆರೆಯುವ ಪುಟಗಳಾದರೆ, ಹೋಸ್ಟಿಂಗ್‌ಗೆ ದುಡ್ಡೂ ಬೇಕಿಲ್ಲ, ಡೊಮೇನ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಎತ್ತಿಟ್ಟರೆ ಸಾಕು. ಆ ಹೆಸರಿನಲ್ಲಿ ಪರೀಕ್ಷೆಯ ಹೆಸರನ್ನು ಮಾತ್ರ ಸೇರಿಸಬೇಡಿ, ಅದು ಟ್ರೇಡ್‌ಮಾರ್ಕ್. ನನ್ನ ಸಮಯ ತಿಂದಿದ್ದು, ಈಗಲೂ ತಿನ್ನುತ್ತಿರುವುದು, ಕೀ ಆನ್ಸರ್.

ಲಿಸನಿಂಗ್‌ನಲ್ಲಿ 40, ರೀಡಿಂಗ್‌ನಲ್ಲಿ 40 ಪ್ರಶ್ನೆ. ಒಂದೊಂದಕ್ಕೂ ಒಂದೇ ಅಂಕ. ತಪ್ಪು ಬರೆದರೆ ಅಂಕ ಕಳೆಯುವುದಿಲ್ಲ, ಆದರೆ ಸ್ಪೆಲಿಂಗ್ ತಪ್ಪಿದರೆ ಅಂಕ ಬರುವುದೂ ಇಲ್ಲ. ನಮ್ಮ ಪುಟ ಇದಕ್ಕಿಂತ ಧಾರಾಳವಾದರೆ ಅಭ್ಯಾಸ ಮಾಡುವವರಿಗೆ ಮೋಸ, ಇದಕ್ಕಿಂತ ಬಿಗಿಯಾದರೆ ಸುಮ್ಮನೆ ಗಾಬರಿ.

ಟೈಪ್ ಮಾಡಿದ್ದನ್ನು ಕೀ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಸರಿ ಉತ್ತರವೂ ತಪ್ಪಾಗುತ್ತದೆ. ಫೋನಿನ ಕೀಬೋರ್ಡ್ ಪದ ಸೂಚಿಸಿದಾಗ ಕೊನೆಯಲ್ಲೊಂದು ಖಾಲಿ ಜಾಗ ಸೇರಿಸುತ್ತದೆ, ಮೊದಲಕ್ಷರವನ್ನು ಕ್ಯಾಪಿಟಲ್ ಮಾಡುತ್ತದೆ, ಐಫೋನ್ ಆದರೆ ನೇರ ಅಪಾಸ್ಟ್ರಫಿಯ ಬದಲು ಬಾಗಿದ್ದನ್ನು ಹಾಕುತ್ತದೆ. ಹಾಗಾಗಿ ಹೋಲಿಸುವ ಮೊದಲು ಎರಡೂ ಕಡೆ ಇವನ್ನು ಒಂದೇ ರೂಪಕ್ಕೆ ತರಬೇಕು. ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಒಪ್ಪಬೇಕು, ಬ್ರಿಟಿಷ್, ಅಮೆರಿಕನ್ ಸ್ಪೆಲಿಂಗ್ ಎರಡನ್ನೂ ಒಪ್ಪಬೇಕು. ಪ್ರತಿ ಪ್ರಶ್ನೆಗೂ ಒಂದು ಉತ್ತರ ಬರೆದಿಟ್ಟರೆ ಸಾಲದು, ಒಪ್ಪಬಹುದಾದ ಉತ್ತರಗಳ ಪಟ್ಟಿಯೇ ಬೇಕು. ಹಾಗೆಂದು ‘ಉತ್ತರದೊಳಗೆ ಈ ಪದ ಇದ್ದರೆ ಸಾಕು’ ಎಂಬ ಸಡಿಲಿಕೆಗೆ ಇಳಿಯಬೇಡಿ. ಎರಡೇ ಪದ ಎಂದಿರುವಲ್ಲಿ ಮೂರು ಬರೆದರೆ ಅರ್ಥ ಸರಿಯಿದ್ದರೂ ತಪ್ಪೇ. ಬಹುವಚನದ ‘ಎಸ್’ ಬಿಟ್ಟರೂ ಅಷ್ಟೇ.

ಇನ್ನೊಂದು ಕಳ್ಳದಾರಿ ಆಟೋಕರೆಕ್ಟ್. ಅದು ತಪ್ಪು ಸ್ಪೆಲಿಂಗನ್ನು ಸದ್ದಿಲ್ಲದೆ ತಿದ್ದಿ, ಬಾರದ ಪದವನ್ನೂ ಬರುತ್ತದೆಂದು ಅಭ್ಯಾಸ ಮಾಡುವವರನ್ನು ನಂಬಿಸುತ್ತದೆ. ಉತ್ತರದ ಡಬ್ಬಿಯಲ್ಲಿ ಸ್ಪೆಲ್‌ಚೆಕ್, ಆಟೋಕರೆಕ್ಟ್, ಆಟೋಕಂಪ್ಲೀಟ್ ಮೂರನ್ನೂ ಆಫ್ ಮಾಡಿ. ಕೆಲವು ಆಂಡ್ರಾಯ್ಡ್ ಕೀಬೋರ್ಡ್‌ಗಳು ಇದಕ್ಕೂ ಬಗ್ಗುವುದಿಲ್ಲ. ‘ಫೋನ್ ಸೆಟ್ಟಿಂಗ್ಸ್‌ನಲ್ಲೂ ಆಫ್ ಮಾಡಿಕೊಳ್ಳಿ’ ಎಂದು ಮೇಲೆ ಒಂದು ಸಾಲು ಬರೆಯುವುದೇ ದಾರಿ.

ಮಾರುಕಟ್ಟೆಯ ಪುಸ್ತಕಗಳಿಂದ ಪ್ಯಾಸೇಜ್ ಎತ್ತುವಂತಿಲ್ಲ. ಕಾಪಿರೈಟ್ ಇರುವುದರಿಂದ ಎಲ್ಲವನ್ನೂ ನಾವೇ ಬರೆಯಬೇಕು. ಅಕಾಡೆಮಿಕ್‌ನಲ್ಲಿ (ಕಾಲೇಜು ಸೇರುವವರು ಬರೆಯುವ ಬಗೆ) ಮೂರು ಪ್ಯಾಸೇಜ್ ಸೇರಿ 2150ರಿಂದ 2750 ಪದ, ಅಂದರೆ ಒಂದಕ್ಕೆ ಸುಮಾರು 700ರಿಂದ 900. ವಿಷಯಕ್ಕೆ ನಾನು ಬೇಕಂತಲೇ ಬೆಂಗಳೂರನ್ನು ಹಿಡಿಯುತ್ತೇನೆ. ಲಾಲ್‌ಬಾಗ್ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು ಎಂದಷ್ಟೇ ಬರೆದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾತನ್ನೇ ಎತ್ತದೆ, ‘ಇದಕ್ಕೆ ಕ್ರಿಸ್ಟಲ್ ಪ್ಯಾಲೇಸ್ ಮಾದರಿ’ ಎಂಬ ಹೇಳಿಕೆ ಕೊಟ್ಟು ‘ಟ್ರೂ’, ‘ಫಾಲ್ಸ್’, ‘ನಾಟ್ ಗಿವನ್’ ಮೂರರಲ್ಲಿ ಯಾವುದು ಎಂದು ಕೇಳಿ. ಊರಿನವರು ತಮಗೆ ಗೊತ್ತಿರುವುದನ್ನು ನೆಚ್ಚಿ ‘ಟ್ರೂ’ ಒತ್ತುತ್ತಾರೆ. ಸರಿ ಉತ್ತರ ‘ನಾಟ್ ಗಿವನ್’. ಪ್ಯಾಸೇಜ್ ಹೌದು ಅಂದಿಲ್ಲ, ಅಲ್ಲ ಅಂತಲೂ ಅಂದಿಲ್ಲ. ಈ ಚಟ ಬಿಡಿಸಲು ಗುರುತಿಲ್ಲದ ಊರಿನ ವಿಷಯ ಅಷ್ಟು ಕೆಲಸ ಮಾಡುವುದಿಲ್ಲ. ಪ್ರತಿ ಉತ್ತರದ ಕೆಳಗೆ ಎಷ್ಟನೇ ಪ್ಯಾರಾ, ಯಾವ ವಾಕ್ಯ, ಯಾಕೆ ಎಂಬುದನ್ನು ಕನ್ನಡದಲ್ಲೇ ವಿವರಿಸಿ. ಇಂಗ್ಲಿಷಿನ ತಪ್ಪಿಗೆ ಇಂಗ್ಲಿಷಿನಲ್ಲೇ ವಿವರಣೆ ಕೊಟ್ಟರೆ ಯಾರಿಗೆ ಬೇಕೋ ಅವರಿಗೇ ತಲುಪುವುದಿಲ್ಲ.

ಲಿಸನಿಂಗ್‌ನ ಆಡಿಯೋ ರೆಕಾರ್ಡ್ ಮಾಡಲು ಈ ಊರಿನಲ್ಲಿ ಬೆಳಗಿನ ಐದು ಗಂಟೆ ಬಿಟ್ಟರೆ ಹೊತ್ತಿಲ್ಲ. ಆಮೇಲೆ ಹಾರ್ನ್, ಕುಕ್ಕರ್ ಸೀಟಿ. ಫ್ಯಾನ್ ಆರಿಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರತ್ತ ಮುಖ ಮಾಡಿ ಓದಿದರೆ ಗೋಡೆಯ ಪ್ರತಿಧ್ವನಿ ಇಳಿಯುತ್ತದೆ. ಲಿಸನಿಂಗ್‌ನ ನಾಲ್ಕು ಭಾಗಗಳಲ್ಲಿ ಮೊದಲನೆಯದಕ್ಕೆ ನಮ್ಮವರ ಧ್ವನಿ ನಡೆಯುತ್ತದೆ. ಅಕ್ಷರ ಬಿಡಿಸಿ ಹೇಳುವ ಹೆಸರು, ಫೋನ್ ನಂಬರಿನ ‘ಡಬಲ್ ಸೆವೆನ್’, ಸೊನ್ನೆಗೆ ‘ಓ’ ಅನ್ನುವುದು ಇವನ್ನೆಲ್ಲ ಅಲ್ಲಿ ತುರುಕಿ. ಬ್ರಿಟಿಷ್, ಆಸ್ಟ್ರೇಲಿಯನ್ ಉಚ್ಚಾರಣೆಯೂ ಪರೀಕ್ಷೆಯಲ್ಲಿ ಬರುತ್ತದೆ, ಉಳಿದ ಭಾಗಗಳಿಗೆ ಅಂಥ ಧ್ವನಿಗಳನ್ನು ಹುಡುಕಲೇಬೇಕು. ಎಂಪಿ3ಯನ್ನು ಮೋನೋದಲ್ಲಿ 64 ಕೆಬಿಪಿಎಸ್‌ಗೆ ಇಳಿಸಿದರೆ ಅರ್ಧ ಗಂಟೆಗೆ ಸುಮಾರು 14 ಎಂಬಿ. ಅದನ್ನೂ ಭಾಗಕ್ಕೊಂದರಂತೆ ನಾಲ್ಕು ಫೈಲ್ ಮಾಡಿ, ಬಸ್ಸಿನಲ್ಲಿ ನೆಟ್ ಕಡಿದರೂ ಒಂದು ಭಾಗವಷ್ಟೇ ಕೆಡುತ್ತದೆ. ಪರೀಕ್ಷೆಯಲ್ಲಿ ಒಮ್ಮೆ ಮಾತ್ರ ಕೇಳಿಸುವುದರಿಂದ ಟೆಸ್ಟ್ ಮೋಡ್‌ನಲ್ಲಿ ಹಿಂದೆ ಸರಿಸುವ ಪಟ್ಟಿ ಇರಕೂಡದು. ಬ್ರೌಸರ್ ತಾನಾಗಿ ಆಡಿಯೋ ಶುರು ಮಾಡಲು ಬಿಡುವುದಿಲ್ಲ, ‘ಆರಂಭಿಸಿ’ ಗುಂಡಿ ಇಡಿ.

ಟೈಮರ್ ಬರೆಯುವಾಗ ಸೆಕೆಂಡಿಗೊಮ್ಮೆ ಒಂದು ಕಳೆಯುವ ಲೆಕ್ಕ ಬೇಡ. ಬೇರೆ ಟ್ಯಾಬ್‌ಗೆ ಹೋದಾಗ ಬ್ರೌಸರ್ ಅದನ್ನು ನಿಧಾನಿಸುತ್ತದೆ, 60 ನಿಮಿಷದ ರೀಡಿಂಗ್ 70 ಆದರೂ ಆಯಿತು. ಮುಗಿಯುವ ಗಳಿಗೆಯನ್ನು ಮೊದಲೇ ಬರೆದಿಟ್ಟು, ಈಗಿನ ಗಳಿಗೆಯನ್ನು ಅದರಿಂದ ಕಳೆಯಿರಿ. ಉತ್ತರಗಳನ್ನು ಲೋಕಲ್‌ಸ್ಟೋರೇಜ್‌ನಲ್ಲಿ, ಅಂದರೆ ಬ್ರೌಸರ್ ಅದೇ ಫೋನಿನಲ್ಲಿ ಇಟ್ಟುಕೊಳ್ಳುವ ಜಾಗದಲ್ಲಿ, ಉಳಿಸಿ. ನಡುವೆ ಕಾಲ್ ಬಂದು ಪುಟ ಮತ್ತೆ ಲೋಡ್ ಆದರೂ ಏನೂ ಕಳೆಯುವುದಿಲ್ಲ. ಲಾಗಿನ್ ಬೇಡ, ಹೆಸರು, ಫೋನ್ ನಂಬರ್ ಕೇಳದಿದ್ದರೆ ಕಾಪಾಡುವ ತಲೆನೋವೂ ಇಲ್ಲ.

ಈ ಪರೀಕ್ಷೆಯ ಫಲಿತಾಂಶ 9ರವರೆಗಿನ ಬ್ಯಾಂಡ್‌ನಲ್ಲಿ ಬರುತ್ತದೆ. ಅದರ ಲೆಕ್ಕದಲ್ಲಿ ಅಕಾಡೆಮಿಕ್ ರೀಡಿಂಗ್‌ಗೂ, ಕೆಲಸ, ವಲಸೆಗೆ ಹೊರಟವರ ಜನರಲ್ ಟ್ರೈನಿಂಗ್ ರೀಡಿಂಗ್‌ಗೂ ಒಂದೇ ಕೋಷ್ಟಕ ಹಾಕುವ ತಪ್ಪು ಸಾಮಾನ್ಯ. 40ಕ್ಕೆ 30 ಬಂದರೆ ಅಕಾಡೆಮಿಕ್‌ನಲ್ಲಿ ಸುಮಾರು 7, ಜನರಲ್ ಟ್ರೈನಿಂಗ್‌ನಲ್ಲಿ ಸುಮಾರು 6. ಲಿಸನಿಂಗ್, ರೀಡಿಂಗ್, ರೈಟಿಂಗ್, ಸ್ಪೀಕಿಂಗ್ ನಾಲ್ಕರ ಸರಾಸರಿ 6.25 ಬಂದರೆ 6.5, 6.75 ಬಂದರೆ 7 ಕೊಡಬೇಕು. ಸರಾಸರಿಯನ್ನು ಎರಡರಿಂದ ಗುಣಿಸಿ, ದುಂಡಾಗಿಸಿ, ಅರ್ಧ ಮಾಡುವ ಉಪಾಯ ಜಾವಾಸ್ಕ್ರಿಪ್ಟ್‌ನಲ್ಲಿ ಸರಿಬರುತ್ತದೆ. ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಪೈಥಾನ್ 12.5ನ್ನು 12ಕ್ಕೆ ಇಳಿಸುವುದರಿಂದ 6.25 ಹೋಗಿ 6 ಆಗಿ ಕೂರುತ್ತದೆ.

ರೈಟಿಂಗ್‌ಗೆ ನಾನು ಬ್ಯಾಂಡ್ ಕೊಡುವುದಿಲ್ಲ. ಮೊದಲ ಟಾಸ್ಕ್‌ಗೆ 150, ಎರಡನೆಯದಕ್ಕೆ 250 ಪದ ದಾಟಿತೇ ಎಂದು ಎಣಿಸುವ ಕೌಂಟರ್, ಮತ್ತು ಆರ್ಟಿಕಲ್‌ಗಳನ್ನು ಇನ್ನೊಮ್ಮೆ ನೋಡಿ ಎಂಬ ಸೂಚನೆ, ಇಷ್ಟೇ. ಕನ್ನಡದಲ್ಲಿ ‘ಎ’, ‘ದ’ ಇಲ್ಲ, ನಮ್ಮವರ ಬರಹದಲ್ಲಿ ಮೊದಲು ಬಿಟ್ಟುಹೋಗುವುದು ಅವೇ.