ಪಿಆರ್‌ಒ ಬಿಟ್ಟು ನಾನೇ ತಸ್‌ಹೀಲ್ ಕೌಂಟರಿಗೆ ಹೋದೆ: ನನ್ನ ಅನುಭವ

2019ರ ಸೆಕೆಗಾಲದ ಒಂದು ಬೆಳಿಗ್ಗೆ. ನಮ್ಮ ಕಂಪನಿಯ ಸರ್ಕಾರಿ ಕಾಗದಪತ್ರ ಮಾಡಿಸಿಕೊಡುತ್ತಿದ್ದ ಪಿಆರ್‌ಒಗೆ ಜ್ವರ. ನನ್ನ ಕೆಲಸಗಾರರಲ್ಲಿ ಒಬ್ಬ ಹುಡುಗನ ಕೆಲಸದ ಪರ್ಮಿಟ್ ರಿನ್ಯೂವಲ್ ಇತ್ತು, ಹಾಗಾಗಿ ಅವರ ಸಹಾಯಕನ ಜೊತೆ ದುಬೈಯ ಒಂದು ತಸ್‌ಹೀಲ್ ಸೆಂಟರಿಗೆ (ಕಾರ್ಮಿಕ ಸಚಿವಾಲಯದ ಅರ್ಜಿ ಹಾಕುವ ಜಾಗ) ನಾನೇ ಹೋಗಿದ್ದೆ. ಕೌಂಟರಿನಲ್ಲಿದ್ದ ಎಮಿರಾಟಿ ಹೆಣ್ಣುಮಗಳು ಸ್ಕ್ರೀನ್ ನೋಡಿ, "ಇವರ ಗ್ಯಾರಂಟಿ ಇನ್ನೂ ಹಾಗೇ ಇದೆಯಲ್ಲ, ಬಿಡಿಸಿಕೊಳ್ಳುವುದಿಲ್ಲವೇ?" ಎಂದು ಕೇಳಿದಳು. ತಲೆಗೆ 3,000 ದಿರ್ಹಮ್ ಬ್ಯಾಂಕ್ ಗ್ಯಾರಂಟಿ ಇಡುವ ಬದಲು ಎರಡು ವರ್ಷಕ್ಕೆ 120 ದಿರ್ಹಮ್ ಇನ್ಶೂರೆನ್ಸ್ ಕಟ್ಟಿದರೆ ಸಾಕು ಎಂಬ ನಿಯಮ 2018ರ ಅಕ್ಟೋಬರಿನಲ್ಲೇ ಬಂದಿತ್ತು. ನನಗೆ ಯಾರೂ ಹೇಳಿರಲಿಲ್ಲ. ಎಂಟು ಹುಡುಗರ ಲೆಕ್ಕದಲ್ಲಿ 24,000 ದಿರ್ಹಮ್ ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿತ್ತು, ನಾನು ಅದೇ ತಿಂಗಳು ವ್ಯಾನ್ ರಿಪೇರಿಗೆ ಸಾಲ ತೆಗೆದಿದ್ದೆ.

ಅವತ್ತೇ ನಿರ್ಧಾರ ಮಾಡಿದೆ, ಇನ್ನು ನನ್ನ ಹುಡುಗರ ಕಾಗದ ನಾನೇ ಮಾಡಿಸುತ್ತೇನೆ ಎಂದು. ಕಂಪನಿಯ ಇ-ಸಿಗ್ನೇಚರ್ ಕಾರ್ಡ್ ನನ್ನ ಹೆಸರಿನಲ್ಲೇ ಇತ್ತು, ಆದರೆ ಇದ್ದದ್ದು ಪಿಆರ್‌ಒ ಅವರ ಚೀಲದಲ್ಲಿ. ಅದನ್ನು ವಾಪಸು ತರಿಸಿಕೊಳ್ಳಲಿಕ್ಕೇ ಮೂರು ವಾರ ಹಿಡಿಯಿತು.

ನಮ್ಮವರು ಯಾರೂ ಒಪ್ಪಲಿಲ್ಲ. ಯಕ್ಷಗಾನದ ರಿಹರ್ಸಲಿಗೆ ಸೇರಿದಾಗ ಉಡುಪಿ ಕಡೆಯ ಹಿರಿಯರೊಬ್ಬರು ಎಲ್ಲರ ಎದುರೇ ಹೇಳಿದರು: "ಅರಬಿ ಬಾರದೆ ಎಂತ ಮಾಡ್ತೀರಿ ಮಾರಾಯ್ರೆ? ಒಂದು ಅಕ್ಷರ ತಪ್ಪಿದರೆ ಫೈನು ನಿಮ್ಮ ತಲೆಗೆ." ಅವರು ಹೇಳಿದ್ದರಲ್ಲಿ ಅಕ್ಷರದ ಮಾತು ಮಾತ್ರ ನಿಜವಾಯಿತು.

ಮೊದಲ ಫೈಲೇ ಕೆಟ್ಟಿತು. ಐಟಿಐ ಮುಗಿಸಿದ ಹುಡುಗ, ಸ್ವಲ್ಪ ಗೌರವ ಇರಲಿ ಎಂದು ಹುದ್ದೆ "ಟೆಕ್ನೀಷಿಯನ್" ಎಂದು ಹಾಕಿಸಿದೆ. ಆ ಹುದ್ದೆಗೆ ಅಟೆಸ್ಟ್ ಆದ ಸರ್ಟಿಫಿಕೇಟ್ ಬೇಕು ಎಂದು ಅರ್ಜಿ ವಾಪಸು ಬಂತು. ಸರ್ಟಿಫಿಕೇಟು ಬೆಂಗಳೂರು, ದೆಹಲಿ, ಎಂಬೆಸಿ ಎಂದು ಸುತ್ತಿ ಬರುವುದರೊಳಗೆ ಐದು ವಾರ ಹೋಗಿ, ಒಂದು ಬಿಲ್ಡಿಂಗಿನ ಕಾಂಟ್ರಾಕ್ಟೂ ಕೈತಪ್ಪಿತು. ಅವನು ಮಾಡುವ ಕೆಲಸ ಎಸಿ ಮೆಕ್ಯಾನಿಕ್‌ನದ್ದು. ಮೊದಲೇ ಹಾಗೆ ಬರೆಸಿದ್ದರೆ ಆ ಕಾಗದವನ್ನು ಯಾರೂ ಕೇಳುತ್ತಿರಲಿಲ್ಲ. ಈಗ ಹುಡುಗ ನಿಜವಾಗಿ ಏನು ಮಾಡುತ್ತಾನೋ ಅದನ್ನೇ ಹಾಕಿಸುತ್ತೇನೆ.

ಇನ್ನು ಅಕ್ಷರದ ವಿಷಯ. ಅರಬಿಯಲ್ಲಿ "ಪ" ಇಲ್ಲ, ಪ್ರಭಾಕರ "ಬ್ರಭಾಕರ" ಆಗುತ್ತಾನೆ. ಅದು ಎಲ್ಲ ಕಡೆ ಒಂದೇ ಥರ ಬರುವುದರಿಂದ ತೊಂದರೆಯಿಲ್ಲ. ತೊಂದರೆ ಇರುವುದು "ಗ"ದಲ್ಲಿ. ಗಣೇಶ, ಗೋಪಾಲ ಇಂಥ ಹೆಸರನ್ನು ಈಜಿಪ್ಟಿನ ಟೈಪಿಸ್ಟ್ ಆದರೆ ಜೀಮ್ (ಜ) ಹಾಕಿ ಬರೆಯುತ್ತಾನೆ, ಅವರ ಊರಿನಲ್ಲಿ ಅದನ್ನು "ಗ" ಎಂದೇ ಓದುವುದು. ಬೇರೆಯವರು ಘೈನ್ ಹಾಕುತ್ತಾರೆ, ಕೆಲವರು ಕಾಫ್. ನನ್ನ ಒಬ್ಬ ಹುಡುಗನ ಹಳೇ ಲೇಬರ್ ಕಾರ್ಡಿನಲ್ಲಿ ಜೀಮ್ ಇತ್ತು, ಹೊಸ ಅರ್ಜಿಯಲ್ಲಿ ಘೈನ್ ಬಂತು. ಸಿಸ್ಟಂ ಹಳೆಯವನನ್ನೂ ಹೊಸಬನನ್ನೂ ಬೇರೆ ಬೇರೆ ಮನುಷ್ಯರೆಂದು ಹಿಡಿಯಿತು. ತಿದ್ದುಪಡಿ, ಮತ್ತೆ ಟೈಪಿಂಗ್, ಮತ್ತೆ ಟೋಕನ್ ಎಂದು ಆರುನೂರು ದಿರ್ಹಮ್‌ನಷ್ಟು ಹೋಗಿರಬೇಕು, ಹನ್ನೊಂದು ದಿನ ಬೇರೆ.

ಆಮೇಲೆ ನಾನು ಮಾಡಿದ್ದು ಇಷ್ಟು. ನಮ್ಮಲ್ಲಿ ಭಟ್ಕಳದ ಹುಡುಗ ಒಬ್ಬನಿದ್ದಾನೆ, ಚಿಕ್ಕಂದಿನಲ್ಲಿ ಮದರಸಾದಲ್ಲಿ ಓದಿದವನು. ರಾತ್ರಿ ಊಟ ಆದ ಮೇಲೆ ಅವನ ಹತ್ತಿರ ಇಪ್ಪತ್ತೆಂಟು ಅಕ್ಷರ ಕಲಿತೆ. ಭಾಷೆ ಕಲಿಯಲಿಲ್ಲ, ಅಕ್ಷರ ಮಾತ್ರ, ಎರಡು ತಿಂಗಳು ಸಾಕಾಯಿತು. ಎಲ್ಲ ಹುಡುಗರ ಹೆಸರನ್ನು ಅವರವರ ಎಮಿರೇಟ್ಸ್ ಐಡಿಯಲ್ಲಿ ಹೇಗಿದೆಯೋ ಹಾಗೇ ಒಂದು ಹಾಳೆಯಲ್ಲಿ ಬರೆಸಿ ಲ್ಯಾಮಿನೇಟ್ ಮಾಡಿಸಿದೆ. ಕೌಂಟರಿನಲ್ಲಿ ಆ ಹಾಳೆಯನ್ನು ಮುಂದಿಟ್ಟು, ಸಬ್‌ಮಿಟ್ ಒತ್ತುವ ಮೊದಲು ಡ್ರಾಫ್ಟ್ ಪ್ರಿಂಟ್ ಕೇಳುತ್ತೇನೆ. ಪಕ್ಕಕ್ಕೆ ಕೂತು, ಪಾಸ್‌ಪೋರ್ಟ್ ನಂಬರಿನ ಒಂದೊಂದು ಅಂಕಿಯ ಮೇಲೂ ಪೆನ್ಸಿಲ್ ಚುಕ್ಕೆ ಇಟ್ಟು ನೋಡುತ್ತೇನೆ. ಹತ್ತು ನಿಮಿಷದ ಕೆಲಸ. ಹೀಗೆ ಶುರು ಮಾಡಿದ ಮೇಲೆ ಸುಮಾರು ನಲವತ್ತು ಫೈಲು ಆಗಿವೆ, ತಿರುಗಿ ಬಂದದ್ದು ಎರಡೇ, ಅವೆರಡೂ ಫೋಟೋದ ಹಿನ್ನೆಲೆ ಬಿಳಿ ಇಲ್ಲ ಎಂದು. ಈ ಲೆಕ್ಕ ತೋರಿಸುವ ಪಿಆರ್‌ಒ ಯಾರನ್ನೂ ನಾನು ಇದುವರೆಗೆ ಕಂಡಿಲ್ಲ.

ನಮ್ಮ ಊರಿನ ಪಾಸ್‌ಪೋರ್ಟುಗಳದ್ದು ಇನ್ನೊಂದು ಕತೆ. ಎಷ್ಟೋ ಹುಡುಗರದ್ದು ಬರೀ ಹೆಸರು, ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರಿನಲ್ಲಿ ಒಂದೇ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದಾಗ ಎಲ್ಲರೂ ಗಾಬರಿಯಾದರು. ಆಮೇಲೆ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿರುವ ತಂದೆಯ ಹೆಸರು ನಡೆಯುತ್ತದೆ ಎಂದು ಸ್ಪಷ್ಟವಾಯಿತು. ಈಗ ಕೆಲಸದ ವೀಸಾಕ್ಕೂ ಆ ಪುಟದ ಸ್ಕ್ಯಾನ್ ಇಲ್ಲದೆ ನಾನು ಮನೆ ಬಿಡುವುದಿಲ್ಲ.

ಹತ್ತನೇ ತರಗತಿ ಪಾಸಾಗದ, ಇಸಿಆರ್ (ಹೊರದೇಶದ ಕೆಲಸಕ್ಕೆ ಹೋಗಲು ಭಾರತ ಸರ್ಕಾರದ ಕ್ಲಿಯರೆನ್ಸ್ ಬೇಕಾದ) ಪಾಸ್‌ಪೋರ್ಟಿನ ಹುಡುಗರನ್ನು ವಿಸಿಟ್‌ನಲ್ಲಿ ತರಿಸಿ ಇಲ್ಲೇ ಕೆಲಸದ ವೀಸಾಕ್ಕೆ ಸ್ಟೇಟಸ್ ಚೇಂಜ್ ಮಾಡಿಸಿ ಎಂದು ಬಹಳ ಜನ ಸಲಹೆ ಕೊಟ್ಟರು. ಒಮ್ಮೆ ಕೇಳಿದೆ. ಹುಡುಗನನ್ನು ವಿಮಾನ ಹತ್ತಿಸಲಿಲ್ಲ, ಟಿಕೆಟ್ ದುಡ್ಡು ಹೋಯಿತು. ಅವನ ತಾಯಿ ಫೋನಿನಲ್ಲಿ ಅತ್ತದ್ದು ನನಗೆ ಇನ್ನೂ ಕೇಳಿಸುತ್ತದೆ. ಈಗ ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಕ್ಲಿಯರೆನ್ಸ್ ಮಾಡಿಸಿ, ಪ್ರವಾಸಿ ಭಾರತೀಯ ಬಿಮಾ ಎಂಬ ವಿಮೆಯ ಪಾಲಿಸಿ ಕೈಗೆ ಬಂದ ಮೇಲೆಯೇ ಟಿಕೆಟ್. ಎಂಟ್ರಿ ಪರ್ಮಿಟ್‌ಗೆ ಎರಡು ತಿಂಗಳ ಗಡುವಿರುತ್ತದೆ, ಅಷ್ಟರೊಳಗೆ ಆರಾಮಾಗಿ ಆಗುತ್ತದೆ.

ಆಫರ್ ಲೆಟರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 2016ರಿಂದ ಅದು ಅರಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ತಿಳಿಯುವ ಒಂದು ಭಾಷೆಯಲ್ಲೂ ಇರಬೇಕು. ಆಗ ಕೊಟ್ಟ ಪಟ್ಟಿಯಲ್ಲಿ ಹಿಂದಿ, ಮಲಯಾಳ, ತಮಿಳು, ಉರ್ದು ಎಲ್ಲ ಇದ್ದವು, ಕನ್ನಡ ಇರಲಿಲ್ಲ. ಬೈಂದೂರು ಕಡೆಯ ಹುಡುಗನಿಗೆ ಹಿಂದಿಯದ್ದು ಕಳಿಸಿದೆ, ಅವನು ಸಹಿ ಹಾಕಿ ಕಳಿಸಿದ. ಇಲ್ಲಿಗೆ ಬಂದ ಮೇಲೆ ಬೇಸಿಕ್ 900, ಉಳಿದದ್ದು ಅಲವೆನ್ಸ್ ಎಂದು ಗೊತ್ತಾಗಿ ಮುಖ ಸಪ್ಪೆ ಮಾಡಿದ. ಗ್ರಾಚ್ಯುಟಿ ಬರುವುದು ಬೇಸಿಕ್ ಮೇಲೆ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಲೆಕ್ಕ. ಅವನಿಗೆ ಬೇಸರವಾದದ್ದು ನ್ಯಾಯ. ಈಗ ವಿಡಿಯೋ ಕಾಲ್‌ನಲ್ಲಿ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳುತ್ತೇನೆ, ಮನೆಯವರನ್ನೂ ಕೂರಿಸಿಕೊಳ್ಳಲು ಹೇಳುತ್ತೇನೆ. ಕಳೆದ ಸಲ ಒಬ್ಬನ ಅಜ್ಜಿ ಹಿಂದಿನಿಂದ "ಊಟ ಯಾರದ್ದು?" ಎಂದು ಕೇಳಿದರು. ಅದು ಪತ್ರದಲ್ಲಿ ಇರಲಿಲ್ಲ, ಸೇರಿಸಿದೆ.

ದುಡ್ಡಿನ ಲೆಕ್ಕ, ನೆನಪಿನಿಂದ ಹೇಳುವುದು. ಪಿಆರ್‌ಒ ಒಂದು ತಲೆಗೆ ಆರೂವರೆ ಸಾವಿರದ ಆಸುಪಾಸು ತೆಗೆದುಕೊಳ್ಳುತ್ತಿದ್ದರು, ರಸೀದಿ ಅರ್ಧಕ್ಕೆ ಮಾತ್ರ. ಸಚಿವಾಲಯ ಕಂಪನಿಗಳನ್ನು ಮೂರು ಕೆಟಗರಿ ಮಾಡಿದೆ, ನಮ್ಮದು ಎರಡನೆಯದು, ಪರ್ಮಿಟ್ ಶುಲ್ಕ 1,200. ಮೂರನೆಯದಕ್ಕೆ ಬಿದ್ದರೆ 3,450, ಆದ್ದರಿಂದ ಸಂಬಳ ಪಾವತಿಯ ಸರ್ಕಾರಿ ವ್ಯವಸ್ಥೆ ಡಬ್ಲ್ಯುಪಿಎಸ್‌ನಲ್ಲಿ ಸಂಬಳ ಒಂದು ದಿನವೂ ತಡ ಮಾಡುವುದಿಲ್ಲ. ಇನ್ಶೂರೆನ್ಸ್, ಎಂಟ್ರಿ ಪರ್ಮಿಟ್, ಮೆಡಿಕಲ್, ಎಮಿರೇಟ್ಸ್ ಐಡಿ, ರೆಸಿಡೆನ್ಸಿ, ಸೆಂಟರಿನವರ ಸರ್ವಿಸ್ ಚಾರ್ಜ್ ಎಲ್ಲ ಸೇರಿ ನಾಲ್ಕು ಸಾವಿರ, ಹೆಚ್ಚೆಂದರೆ ನಾಲ್ಕೂಕಾಲು. ಹೆಲ್ತ್ ಇನ್ಶೂರೆನ್ಸ್ ಬೇರೆ. ಇದರಲ್ಲಿ ಹುಡುಗರಿಂದ ಒಂದು ದಿರ್ಹಮ್ಮೂ ತೆಗೆದುಕೊಳ್ಳುವಂತಿಲ್ಲ, ಕಾನೂನೇ ಇದೆ. ಹಿಂದಿನ ಪಿಆರ್‌ಒ ನನಗೆ ತಿಳಿಸದೆ ಇಬ್ಬರಿಂದ ತೆಗೆದುಕೊಂಡಿದ್ದರು, ಅದನ್ನು ನಾನು ಸಂಬಳದ ಜೊತೆ ವಾಪಸು ಕೊಟ್ಟೆ.

ನಡುವೆ ಕೆಲವು ಪ್ರಯೋಗ ಮಾಡಿದೆ. ಮೂರು ಸೆಂಟರುಗಳಿಗೆ ಒಂದೇ ಬಗೆಯ ಅರ್ಜಿ ಹಿಡಿದು ಹೋಗಿ, ಟೋಕನ್‌ನಿಂದ ರಸೀದಿಯವರೆಗೆ ಸಮಯ ನೋಡಿದೆ: ಒಂದರಲ್ಲಿ ಐವತ್ತು ನಿಮಿಷ, ಇನ್ನೊಂದರಲ್ಲಿ ಎರಡೂವರೆ ಗಂಟೆ. ಸಚಿವಾಲಯದ ಆ್ಯಪ್‌ನಲ್ಲಿ ಮನೆಯಿಂದಲೇ ಮಾಡಿಯೂ ನೋಡಿದೆ. ರಿನ್ಯೂವಲಿಗೆ ಚೆನ್ನಾಗಿದೆ, ಹೊಸ ಪರ್ಮಿಟ್‌ಗೆ ಮಾತ್ರ ನನಗೆ ಎದುರಿಗೊಂದು ಮನುಷ್ಯರ ಮುಖ ಬೇಕು. ಶುಕ್ರವಾರ ಅರ್ಧ ದಿನ, ಆಗ ಹೋಗಿ ಪ್ರಯೋಜನವಿಲ್ಲ. ಯಾವ ಸೆಂಟರು, ಯಾವ ಹೊತ್ತು ಎಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆಯಿಂದ ಅಲ್ಲೂ ಎರಡೂವರೆ ಗಂಟೆ ಆಗುತ್ತದೆ. ಕೋಟಾ (ಎಷ್ಟು ಜನರನ್ನು ಕೆಲಸಕ್ಕೆ ತರಿಸಬಹುದು ಎಂಬ ಮಿತಿ) ಹೆಚ್ಚಿಸಲು ಅರ್ಜಿಯ ಜೊತೆ ಇಡುವ ಒಂದು ಪುಟದ ಪತ್ರವೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕ್ಯಾನ್ಸಲೇಷನ್‌ಗೆ ಮಾತ್ರ ಹುಡುಗನನ್ನು ಜೊತೆಗೇ ಕರೆದುಕೊಂಡು ಹೋಗುತ್ತೇನೆ. ಎಲ್ಲ ಬಾಕಿ ಸಿಕ್ಕಿತು ಎಂಬ ಕಾಗದಕ್ಕೆ ಅವನು ಸಹಿ ಹಾಕಬೇಕು, ಅದಕ್ಕೆ ಮೊದಲು ದುಡ್ಡು ಅವನ ಕೈಯಲ್ಲಿರಬೇಕು. ಏಳು ವರ್ಷ ನನ್ನ ಜೊತೆಗಿದ್ದವನೊಬ್ಬ ಕೌಂಟರಿನ ಪಕ್ಕದ ಕುರ್ಚಿಯಲ್ಲಿ ಕೂತು ನೋಟುಗಳನ್ನು ಎರಡು ಸಲ ಎಣಿಸಿ, "ಸರಿ ಉಂಟು ಅಣ್ಣ" ಎಂದು ಸಹಿ ಹಾಕಿದ.

ಹೋದ ವಾರ ಯಕ್ಷಗಾನದ ಆ ಹಿರಿಯರು ಫೋನ್ ಮಾಡಿದರು. ಅವರ ಪಿಆರ್‌ಒ ಊರಿಗೆ ಹೋಗಿದ್ದಾರಂತೆ, ಮೂರು ಪರ್ಮಿಟ್ ಬಾಕಿಯಂತೆ, "ಒಮ್ಮೆ ಜೊತೆಗೆ ಬರ್ತೀರಾ?" ಎಂದರು. ಬೆಳಿಗ್ಗೆ ಏಳೂವರೆಗೆ ಬರಲು ಹೇಳಿದೆ. ಕಾರಿನಲ್ಲೇ ಅವರ ಫೈಲು ಬಿಚ್ಚಿದೆ. ಮೊದಲ ಪಾಸ್‌ಪೋರ್ಟಿನಲ್ಲೇ ಸರ್‌ನೇಮ್ ಖಾಲಿ, ಹುಡುಗನ ಹೆಸರು ಬೇರೆ "ಗ"ದಿಂದಲೇ ಶುರು. ಪೆನ್ಸಿಲ್ ತೆಗೆದೆ.